ಹಲಗೆ ಬಳಪದ ಕೆಲಸ

ಹಲಗೆ ಬಳಪಗಳನ್ನು ಹಿಡಿಯದೆ, ಇಟ್ಟ ಪದವನ್ನು ಅಳಿಸದೆ ಬರೆದುದನ್ನು ಕುಮಾರವ್ಯಾಸನು ಗದುಗಿನ ಭಾರತದ ಪೀಠಿಕೆಯಲ್ಲಿ ತನ್ನ ಅಗ್ಗಳಿಕೆಯೆಂದು ಹೇಳಿಕೊಂಡಿದ್ದಾನೆ. ಅದು ಅಗ್ಗಳಿಕೆಯೆನಿಸಬೇಕಾದರೆ ಉಳಿದ ಕವಿಗಳು ಹಲಗೆಯ ಮೇಲೆ ಬರೆದು, ಅಳಿಸಿ, ತಿದ್ದುತ್ತಿದ್ದರೆಂದೇ ಅರ್ಥವಷ್ಟೆ! ಲೋಹದ ಕಂಠದಿಂದ ಓಲೆಯಲ್ಲಿ ಕೊರೆದ ಅಕ್ಷರವನ್ನು ಅಳಿಸುವುದು ಸುಲಭವಲ್ಲ. ತಿದ್ದುವ ಕೆಲಸವೆಲ್ಲ ಓಲೆಗೇರುವ ಮುನ್ನವೇ ಮುಗಿಯಬೇಕಾಗಿತ್ತು. ಇಂದು ಅಳಿಸುವುದು ಬಲು ಸುಲಭ. ಆದರೂ ಮೊದಲ ಕರಡೇ ಅಚ್ಚಿಗೆ ಹೋಗುವುದುಂಟು. ಶಾಲೆಯ ಸಂಚಿಕೆಯಲ್ಲಿ ಅಚ್ಚಾದ ತಪ್ಪನ್ನು ಮಕ್ಕಳು ಒಪ್ಪೆಂದೇ ಕಲಿಯುತ್ತಾರೆ.

ತಾನು ಆಗತಾನೆ ಬರೆದುದನ್ನು ಓದುವವನು ಮನಸ್ಸಿನಲ್ಲಿರುವುದನ್ನೇ ಕಾಗದದ ಮೇಲೆ ಕಾಣುತ್ತಾನೆ. ಬಿಟ್ಟುಹೋದ ವಿಭಕ್ತಿಪ್ರತ್ಯಯವನ್ನು ಕಣ್ಣು ತಾನೇ ತುಂಬಿಕೊಳ್ಳುತ್ತದೆ. ಬರೆಹವನ್ನು ನಾಲ್ಕು ದಿನ ಎತ್ತಿಟ್ಟು, ಬಳಿಕ ಗಟ್ಟಿಯಾಗಿ ಓದಿದರೆ ಆ ಕೊರತೆ ಕಿವಿಗೆ ತಗಲುತ್ತದೆ. ಕನ್ನಡದಲ್ಲಿ ಕ್ರಿಯಾಪದವು ಕೊನೆಗೆ ಬರುವುದರಿಂದ ದೀರ್ಘವಾಕ್ಯದ ನಡುವೆ ಕರ್ತೃಪದವು ಮರೆತುಹೋಗಿ, ‘ವಿದ್ಯಾರ್ಥಿಗಳ ಗುಂಪು’ ಎಂದು ಆರಂಭವಾದುದು ‘ಹೊರಟರು’ ಎಂದು ಮುಗಿಯುತ್ತದೆ. ಆದುದರಿಂದ ಕ್ರಿಯಾಪದದಿಂದ ಹಿಂದಕ್ಕೆ ನಡೆದು ಅದರ ಕರ್ತೃವನ್ನು ಹುಡುಕಬೇಕು. ಸಿಗದಿದ್ದರೆ ವಾಕ್ಯವನ್ನು ಒಡೆಯಬೇಕು. ಕೊನೆಗೆ ಸಮಾಸಗಳ ಸರದಿ. ಪಂಡಿತರ ಕೈ ಹಿಂಜರಿಯುವುದು ಇಲ್ಲಿಯೇ. ಬಿಡಿಸಿ ಬರೆದಾಗ ಅರ್ಥ ಕುಂದದೆ ಸದ್ದು ಮಾತ್ರ ತಗ್ಗಿದರೆ, ಬಿಡಿಸಿದ ರೂಪವನ್ನೇ ಉಳಿಸಬೇಕು.