ಎರಡು ಹೊಳೆಗಳ ನಡುವೆ

ಗದಗ ಜಿಲ್ಲೆಯೆಂದರೆ ಎರೆಮಣ್ಣು, ಗಾಳಿಯಂತ್ರ, ಬರ ಎಂದೇ ಮಾತಾಡುತ್ತೇವೆ. ಆದರೆ ನಕಾಶೆ ನೋಡಿ: ದಕ್ಷಿಣದಂಚಿಗೆ ತುಂಗಭದ್ರೆ, ಉತ್ತರದಂಚಿಗೆ ಮಲಪ್ರಭೆ. ಗದಗ-ಬೆಟಗೇರಿಯ ನಲ್ಲಿಗಳಿಗೆ ಬರುವುದು ಮುಂಡರಗಿ ತಾಲ್ಲೂಕಿನಲ್ಲಿ ತುಂಗಭದ್ರೆಗೆ ಕಟ್ಟಿದ ಹಮ್ಮಿಗಿ ಬ್ಯಾರೇಜಿನ ನೀರು. ಅದೇ ಹೊಳೆಯ ಕೊರ್ಲಹಳ್ಳಿ ಸೇತುವೆ ದಾಟಿದರೆ ಹೂವಿನಹಡಗಲಿ ಸೀಮೆ. ಸಂತೆ, ಜಾತ್ರೆ, ಬೀಗತನ ಎಲ್ಲಕ್ಕೂ ಆ ದಾರಿಯೇ ಆಧಾರ.

ಉತ್ತರದಲ್ಲಿ ಮಲಪ್ರಭೆಗೆ ಸೇರುವ ಬೆಣ್ಣಿಹಳ್ಳದ ಕಥೆ ಬೇರೆ. ಬೇಸಿಗೆಯಲ್ಲಿ ಹಳ್ಳ ಜಾಲಿ ಬೆಳೆದು ಒಣಗಿ ಬಿದ್ದಿರುತ್ತದೆ. ಮೇಲೆ ಧಾರವಾಡ ಸೀಮೆಯಲ್ಲಿ ಜೋರು ಮಳೆಯಾದರೆ ರಾತ್ರೋರಾತ್ರಿ ಹೊಲಕ್ಕೆ ನುಗ್ಗುತ್ತದೆ. ಮಲಪ್ರಭೆಯೂ ಕಡಿಮೆಯಿಲ್ಲ. 2019ರ ಆಗಸ್ಟ್‌ನಲ್ಲಿ ನವಿಲುತೀರ್ಥ ಜಲಾಶಯದಿಂದ ನೀರು ಬಿಟ್ಟಾಗ ಹೊಳೆ ಉಕ್ಕಿ, ನರಗುಂದ ತಾಲ್ಲೂಕಿನ ಕೊಣ್ಣೂರಿನಲ್ಲಿ ಸೇತುವೆಗೆ ಹೊಂದಿಕೊಂಡ ರಸ್ತೆ ಕೊಚ್ಚಿಹೋಯಿತು. ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯ ಸಂಚಾರವೇ ನಿಂತಿತು.

ಸೇತುವೆ ಗಟ್ಟಿಯಿದ್ದರಷ್ಟೇ ಸಾಲದು, ಅದರ ಎರಡೂ ತುದಿಯ ರಸ್ತೆಯೂ ಅಷ್ಟೇ ಗಟ್ಟಿಯಿರಬೇಕು. ಕಂಬಗಳ ನಡುವೆ ಸಿಕ್ಕಿಕೊಂಡ ಜಾಲಿಕಂಟಿ, ತುಂಬಿದ ಹೂಳು ತೆಗೆಯದಿದ್ದರೆ ನೀರು ಪಕ್ಕದ ಮಣ್ಣನ್ನೇ ಕೊರೆದು ದಾರಿ ಮಾಡಿಕೊಳ್ಳುತ್ತದೆ. ಇವನ್ನು ತೆಗೆಯುವುದು ಮುಂಗಾರಿಗೆ ಮೊದಲೇ ಆಗಬೇಕಾದ ಕೆಲಸ. ನಿಮ್ಮೂರ ಹಳ್ಳದ ಸೇತುವೆಯನ್ನು ಒಮ್ಮೆ ಕೆಳಗಿಳಿದು ನೋಡಿ ಬನ್ನಿ. ಮಣ್ಣು ಕುಸಿದಿದ್ದರೆ, ಬಿರುಕು ಬಿಟ್ಟಿದ್ದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ.