ತರಕಾರಿಯವನಿಗೆ ಗೊತ್ತಿತ್ತು

ನಮ್ಮೂರು ರುದ್ರಪಟ್ಟಣದಲ್ಲಿ ಒಬ್ಬರ ಮನೆಗೆ ನೆಂಟರು ಬಂದರೆ ಬೀದಿಗೆಲ್ಲ ಗೊತ್ತಾಗುತ್ತೆ. ಅರ್ಧ ಲೀಟರ್ ಹಾಲು ಜಾಸ್ತಿ ತಗೊಂಡ್ರೆ ಸಾಕು, "ಯಾರು ಬಂದವ್ರೆ?" ಅನ್ನೋ ಪ್ರಶ್ನೆ ರೆಡಿ. ಕಾವೇರಿ ದಂಡೆಯ ಈ ಊರು ಹೊರಗಿನವರಿಗೆ ಸಂಗೀತಗಾರರ ಊರು, ಒಳಗಿನವರಿಗೆ ಯಾವ ಗುಟ್ಟೂ ನಿಲ್ಲದ ಊರು. ಅದಕ್ಕೇ ಇರಬೇಕು, ಆನ್ ಫ್ರಾಂಕ್ ಕತೆ ಓದುವಾಗ ನನಗೆ ಕಾಡಿದ ಪ್ರಶ್ನೆ ಒಂದೇ: ಅಡಗಿದ್ದ ಎಂಟು ಜನಕ್ಕೆ ದಿನಾ ಊಟ ಎಲ್ಲಿಂದ ಬರ್ತಿತ್ತು?

ಉತ್ತರ ಸರಳ. ಆಫೀಸಿನವರು ತರ್ತಿದ್ರು. ಆಮ್‌ಸ್ಟರ್‌ಡ್ಯಾಮಿನಲ್ಲಿ ಆನ್‌ಳ ಅಪ್ಪನ ಕೈಕೆಳಗೆ ಕೆಲಸ ಮಾಡುತ್ತಿದ್ದ ಮೀಪ್ ಗೀಸ್ ಮತ್ತು ಜೊತೆಯವರು 1942ರ ಜುಲೈನಿಂದ ಎರಡು ವರ್ಷಕ್ಕೂ ಹೆಚ್ಚು ಕಾಲ ಆ ಯಹೂದಿಗಳನ್ನು ಸಾಕಿದರು. ತರಕಾರಿ ಅಂಗಡಿಯವನಿಗೂ ಲೆಕ್ಕ ಅರ್ಥವಾಗಿತ್ತು, ಆದರೆ ಅವನು ಏನೂ ಕೇಳಲಿಲ್ಲ. ತನ್ನ ಮನೆಯಲ್ಲೇ ಇಬ್ಬರು ಯಹೂದಿಗಳನ್ನು ಅಡಗಿಸಿಟ್ಟಿದ್ದವನು ಅವನು. 1944ರ ಮೇನಲ್ಲಿ ಅವನನ್ನು ಹಿಡಿದರು. ಆಗಸ್ಟ್‌ನಲ್ಲಿ ಅಡಗುತಾಣವೂ ಸಿಕ್ಕಿಬಿತ್ತು, ಆಫೀಸಿನ ಇಬ್ಬರೂ ಬಂಧನಕ್ಕೊಳಗಾದರು. ಅಡಗಿದ್ದ ಎಂಟರಲ್ಲಿ ಬದುಕುಳಿದದ್ದು ಆನ್‌ಳ ಅಪ್ಪ ಮಾತ್ರ.

ಇಂಥ 28,000ಕ್ಕೂ ಹೆಚ್ಚು ಜನರನ್ನು ಜೆರುಸಲೇಮಿನ ಯಾದ್ ವಾಶೆಮ್ ಹೆಸರು ಹಿಡಿದು ಗೌರವಿಸಿದೆ.

ನಮ್ಮಲ್ಲೂ ಇಂಥವರಿದ್ದರು. 1948ರಲ್ಲಿ ನಿಜಾಮನ ಸೀಮೆಯಲ್ಲಿ ರಜಾಕಾರರು ಹಳ್ಳಿಗಳ ಮೇಲೆ ಬಿದ್ದರು. ಬೀದರ್ ಕಡೆಯ ಗೋರ್ಟಾದಲ್ಲಿ ಹತ್ಯಾಕಾಂಡವೇ ಆಯಿತು. ಸೆಪ್ಟೆಂಬರ್‌ನಲ್ಲಿ ಭಾರತದ ಸೇನೆ ಬಂದ ಮೇಲೆ ಸೇಡು ಅಮಾಯಕ ಮುಸ್ಲಿಮರ ಮೇಲೆ ತಿರುಗಿತು. ನೆಹರೂ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ, ಅತಿ ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳಲ್ಲಿ ಗುಲ್ಬರ್ಗಾ, ಬೀದರ್ ಎರಡನ್ನೂ ಸೇರಿಸಿತು. ದಶಕಗಳ ಕಾಲ ಪ್ರಕಟವಾಗದೆ ಉಳಿದ ಆ ವರದಿಯಲ್ಲಿ ಇನ್ನೊಂದು ಮಾತೂ ಇದೆ: ಕೆಲವು ಕಡೆ ಹಿಂದೂ ನೇಕಾರರು ತಮ್ಮ ಜೊತೆಯ ಮುಸ್ಲಿಂ ನೇಕಾರರನ್ನು ಕಾಪಾಡಿದರು, ಅದಕ್ಕಾಗಿ ಪ್ರಾಣವನ್ನೂ ಕೊಟ್ಟರು.

ಅವರ ಹೆಸರು ನಮಗೆ ಸಿಕ್ಕಿಲ್ಲ, ಕಸುಬು ಮಾತ್ರ ಸಿಕ್ಕಿದೆ. ಆದರೆ ಆ ಕಸುಬಲ್ಲೇ ಎಲ್ಲ ಇದೆ. ಅಲ್ಲಿ ಮಗ್ಗ, ಇಲ್ಲಿ ಆಫೀಸು. ದಿನಾ ಪಕ್ಕದಲ್ಲಿ ಕೂತು ಕೆಲಸ ಮಾಡಿದವನನ್ನು ಬರೀ ಒಂದು ಜಾತಿಯಾಗಿ, ಧರ್ಮವಾಗಿ ನೋಡೋದು ಕಷ್ಟ ಕಣ್ರೀ.

ಹೋದ ವರ್ಷ ನಮ್ಮ ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಹೊಸ ಬಾಡಿಗೆದಾರರ ಬಗ್ಗೆ ಒಬ್ಬರು ಕೇಳಿದರು, "ಯಾವ ಜನ?" "ಮೂರನೇ ಮಹಡಿ ಜನ" ಅಂತ ಬರೆದೆ. ನನಗೆ ಅದರಿಂದ ಏನೂ ನಷ್ಟ ಆಗಲಿಲ್ಲ, ಒಂದಿಬ್ಬರು ಲಿಫ್ಟಿನಲ್ಲಿ ಮಾತು ಬಿಟ್ಟರು ಅಷ್ಟೆ. ಆ ತರಕಾರಿಯವನು ಬಾಯಿ ಮುಚ್ಚಿಕೊಂಡದ್ದಕ್ಕೆ ತೆತ್ತ ಬೆಲೆಯ ಮುಂದೆ, ನಾವು ಬಾಯಿ ಬಿಡೋದಕ್ಕೆ ತೆರಬೇಕಾದ್ದು ಬಹಳ ಸೋವಿ.