ಮುಚ್ಚುವ ಮುನ್ನ ಒಂದು ರಾತ್ರಿ

ಮನೆ ಕಟ್ಟಿಸುವವರು ಟೈಲ್ಸಿನ ಬಣ್ಣಕ್ಕಾಗಿ ನಾಲ್ಕು ಅಂಗಡಿ ಸುತ್ತುತ್ತಾರೆ. ಮುಂಬಾಗಿಲಿನ ಕೆತ್ತನೆಗೆ ನೆಂಟರಿಷ್ಟರ ಸಲಹೆ ಕೇಳುತ್ತಾರೆ. ಬಚ್ಚಲ ನೀರು ಹೋಗುವ ಪೈಪಿನ ವಿಷಯವನ್ನು ಮಾತ್ರ ಯಾರೂ ಯಾರನ್ನೂ ಕೇಳುವುದಿಲ್ಲ. ಗೃಹಪ್ರವೇಶಕ್ಕೆ ಬಂದವರ ಕಣ್ಣಿಗೆ ಅದು ಬೀಳುವುದಿಲ್ಲವಲ್ಲ! ಟೈಲ್ಸು ಹಿಡಿಸದಿದ್ದರೆ ಹತ್ತು ವರ್ಷದ ಮೇಲೆ ಬದಲಾಯಿಸಬಹುದು. ಕಾಂಕ್ರೀಟಿನೊಳಗೆ ಹೂತ ಪೈಪನ್ನು ಬದಲಾಯಿಸಬೇಕಾದರೆ ನೆಲವನ್ನೇ ಒಡೆಯಬೇಕು.

ನಮ್ಮ ತಾಯಿಯವರಿಗೆ ಎಂಬತ್ತು ದಾಟಿದೆ, ಮಂಡಿನೋವು ಬೇರೆ. ಅವರ ಕೋಣೆಗೆ ಹೊಂದಿಕೊಂಡಂತೆ ಈ ಬೇಸಿಗೆ ರಜೆಯಲ್ಲಿ ಒಂದು ಸ್ನಾನದ ಮನೆ ಕಟ್ಟಿಸಿದೆವು. ಎಡವುವುದಕ್ಕೆ ಹೊಸಿಲಿರಬಾರದು, ನೆಲದ ಮೇಲೆ ನೀರು ನಿಲ್ಲಬಾರದು, ಷವರಿನ ಕೆಳಗೆ ಕುರ್ಚಿ ಹಾಕಿಕೊಂಡು ಅವರೇ ಸ್ನಾನ ಮಾಡುವಂತಿರಬೇಕು. ಆ ವಯಸ್ಸಿನಲ್ಲಿ ಒಮ್ಮೆ ಜಾರಿ ಸೊಂಟದ ಮೂಳೆ ಮುರಿದರೆ ಮತ್ತೆ ಎದ್ದು ಓಡಾಡುವುದು ಕಷ್ಟ. ಹೀಗಾಗಿ ಪೈಪಿನ ವಾಟ ನಮಗೆ ಬರೀ ಗಾರೆ ಕೆಲಸದ ಮಾತಾಗಿರಲಿಲ್ಲ.

ಷವರಿನ ಜಾಗದಿಂದ ಹೊರಗಿನ ಛೇಂಬರಿಗೆ ಎಂಟು ಅಡಿ ದೂರ. ನಲವತ್ತು ಇಂಚಿಗೆ ಒಂದು ಇಂಚಿನಂತೆ, ಈ ತುದಿಗೂ ಆ ತುದಿಗೂ ಸುಮಾರು ಎರಡೂವರೆ ಇಂಚಿನ ಇಳಿತ ಬರುವಂತೆ ಮೇಸ್ತ್ರಿಯವರು ಮೂರಿಂಚಿನ ಪಿವಿಸಿ ಪೈಪು ಹಾಕಿಸಿದರು. ಅದರ ಬಾಯಿಗೆ ಟ್ರ್ಯಾಪು ಕೂರಿಸಿದರು. ಟ್ರ್ಯಾಪಿನಲ್ಲಿ ಸದಾ ನಿಂತಿರುವ ಎರಡಿಂಚು ನೀರೇ ಚರಂಡಿಯ ಗಾಳಿಯನ್ನು ತಡೆಯುವ ಬಾಗಿಲು. ಅದು ಒಣಗಿದರೆ ಆಗುವ ಅನಾಹುತ ಸಣ್ಣದಲ್ಲ. 2003ರಲ್ಲಿ ಹಾಂಗ್‌ಕಾಂಗ್‌ನ ಅಮೋಯ್ ಗಾರ್ಡನ್ಸ್ ಎಂಬ ವಸತಿ ಸಮುಚ್ಚಯದಲ್ಲಿ 300ಕ್ಕೂ ಹೆಚ್ಚು ಜನರಿಗೆ ಸಾರ್ಸ್ ರೋಗ ತಗುಲಿದಾಗ, ಅದು ಹರಡಿದ ದಾರಿಗಳಲ್ಲಿ ಸ್ನಾನದ ಮನೆಗಳ ಒಣಗಿದ ಟ್ರ್ಯಾಪುಗಳೂ ಸೇರಿದ್ದವೆಂದು ತನಿಖೆ ಹೇಳಿತು.

ಆಮೇಲೆ ಮೇಸ್ತ್ರಿಯವರು ಎರಡೆರಡು ಅಡಿಗೊಂದು ಕಬ್ಬಿಣದ ಗೂಟ ಹೊಡೆಸಿ, ಪೈಪನ್ನು ತಂತಿಯಿಂದ ಬಿಗಿಸಿದರು. ಯಾಕೆಂದು ಕೇಳಿದೆ. ‘ಕಾಂಕ್ರೀಟು ಸುರಿದ್ರೆ ಎದ್ಬಿಡ್ತದೆ ಮೇಷ್ಟ್ರೇ’ ಎಂದರು. ಲೆಕ್ಕ ಹಾಕಿ ನೋಡಿದೆ. ಈ ಪೈಪು ಒಂದು ಮೀಟರಿಗೆ ಸುಮಾರು 4.4 ಲೀಟರ್ ಜಾಗ ಹಿಡಿಯುತ್ತದೆ. ಅಷ್ಟು ಗಾತ್ರದ ಹಸಿ ಕಾಂಕ್ರೀಟಿನ ತೂಕ ಹತ್ತು ಕಿಲೋಗೂ ಹೆಚ್ಚು. ಪೈಪಿನ ತೂಕ ಒಂದು ಕಿಲೋ ಆಸುಪಾಸು. ಒಳಗೆ ನೀರು ತುಂಬಿಸಿದರೂ ಐದು ಕಿಲೋ ಆದೀತು. ಅಂದರೆ ತುಂಬಿದ ಪೈಪು ಕೂಡ ಹಸಿ ಕಾಂಕ್ರೀಟಿನಲ್ಲಿ ತೇಲುತ್ತದೆ! ನಡುವೆ ಎದ್ದರೆ ವಾಟ ಕೆಟ್ಟು, ನೀರು ಹಿಂದೆಯೇ ನಿಲ್ಲುತ್ತದೆ. ಆರ್ಕಿಮಿಡೀಸನ ನಿಯಮವನ್ನು ಬಕೆಟ್ಟು, ಕಲ್ಲು ಇಟ್ಟುಕೊಂಡು ಪಾಠ ಮಾಡುತ್ತಿದ್ದ ನನಗೆ ಹೊಸದೊಂದು ಉದಾಹರಣೆ ಸಿಕ್ಕಿತು.

ಸಂಜೆ ಛೇಂಬರಿನ ಕಡೆಯ ತುದಿಗೆ ಬಿರಡೆ ಜಡಿದು, ಮೇಲಿನ ಬಾಯಿಯವರೆಗೆ ನೀರು ತುಂಬಿಸಿ, ಮಟ್ಟಕ್ಕೆ ಗುರುತು ಹಾಕಿದರು. ನೀರು ಆವಿಯಾಗಿ ಇಳಿದರೆ ಸೋರಿತೆಂದು ತಪ್ಪು ತಿಳಿಯಬಾರದಲ್ಲ, ಬಾಯಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿದರು. ಬೆಳಿಗ್ಗೆ ಬಿಚ್ಚಿ ನೋಡಿದರೆ ನೀರು ಎರಡು ಬೆರಳು ಇಳಿದಿತ್ತು.

ಅಷ್ಟರಲ್ಲಿ ಕಾಂಕ್ರೀಟಿನ ಯಂತ್ರವೂ ಎಂಟು ಜನ ಆಳುಗಳೂ ಬಂದಾಗಿತ್ತು. ‘ಇಷ್ಟೇ ತಾನೆ, ಕಾಂಕ್ರೀಟು ಬಿದ್ರೆ ತಾನೇ ಮುಚ್ಕೊಳ್ತದೆ’ ಎಂದರು ಯಂತ್ರದವರು. ಮೇಸ್ತ್ರಿಯವರು ಒಪ್ಪಲಿಲ್ಲ. ಜಾಯಿಂಟು ಅಂಟಿಸಿದ್ದ ಹುಡುಗನನ್ನು ಕರೆದು, ‘ಎಲ್ಲಿ ಅಂತ ನೀನೇ ನೋಡಪ್ಪಾ’ ಎಂದರು. ಬೈಗುಳವಿಲ್ಲ, ಎತ್ತರದ ದನಿಯೂ ಇಲ್ಲ. ಅವನು ಒಂದೊಂದು ಜಾಯಿಂಟಿನ ಅಡಿಗೂ ಬೆರಳಾಡಿಸಿಕೊಂಡು ಬಂದು ಬೆಂಡಿನ ಬಳಿ ನಿಂತ. ಅಲ್ಲಿ ಒದ್ದೆಯಾಗಿತ್ತು. ‘ಮಣ್ಣು ಒರೆಸದೆ ಅಂಟು ಹಚ್ಚಿಬಿಟ್ಟಿದ್ದೆ’ ಎಂದು ಅವನೇ ಹೇಳಿದ. ಪಿವಿಸಿಯ ಅಂಟು ಬರೀ ಗೋಂದಲ್ಲ, ಎರಡೂ ಮೈಗಳನ್ನು ಮೆತ್ತಗೆ ಮಾಡಿ ಒಂದಾಗಿ ಬೆಸೆಯುತ್ತದೆ. ನಡುವೆ ಮಣ್ಣಿದ್ದರೆ ಬೆಸುಗೆಯೇ ಆಗದು. ಆ ಬೆಂಡನ್ನು ಕತ್ತರಿಸಿ ಹೊಸದು ಹಾಕಿದರು. ಮರುದಿನ ನೀರು ಗುರುತಿನಲ್ಲೇ ನಿಂತಿತ್ತು. ನನಗೆ ಎಂಟು ಜನರ ಕೂಲಿ ಖರ್ಚಾಯಿತು. ಅಮ್ಮ ಈಗ ಯಾರ ಕೈಯನ್ನೂ ಹಿಡಿಯದೆ ಸ್ನಾನ ಮಾಡಿ ಬರುತ್ತಾರೆ.

ತರಗತಿಯಲ್ಲಿ ನಾವು ‘ಅರ್ಥವಾಯಿತೇ?’ ಎಂದು ಕೇಳುತ್ತೇವೆ. ‘ಆಯ್ತು ಸಾರ್’ ಎಂದು ಐವತ್ತು ದನಿ ಒಟ್ಟಿಗೆ ಬರುತ್ತದೆ. ಅದನ್ನು ನಂಬಿ ಮುಂದಿನ ಪಾಠ ಸುರಿಯುತ್ತೇವೆ. ಹತ್ತನೆಯ ತರಗತಿಯಲ್ಲಿ ಓಮನ ನಿಯಮವನ್ನು ಒಂದಕ್ಷರ ಬಿಡದೆ ಹೇಳುವ ಹುಡುಗಿ, ಹನ್ನೆರಡು ವೋಲ್ಟನ್ನು ಅರ್ಧ ಓಮಿನಿಂದ ಭಾಗಿಸಲಾರದೆ ಆರು ಎಂದು ಬರೆಯುತ್ತಾಳೆ. ಅವಳಿಗೆ ವಿದ್ಯುತ್ತಿನ ಪಾಠ ತಿಳಿಯದೆ ಅಲ್ಲ. ದಶಮಾಂಶ ಕಲಿತ ವರ್ಷ ಯಾವುದೋ ಜಾಯಿಂಟು ಸೋರಿತ್ತು, ಯಾರೂ ನೋಡದೆ ಮುಚ್ಚಿದ್ದೆವು. ಈಗ ಅದರ ಮೇಲೆ ಎರಡೆರಡು ಟ್ಯೂಷನ್ನು ಸುರಿದರೂ ಒಳಗಿನ ಸೋರಿಕೆ ನಿಲ್ಲುವುದಿಲ್ಲ.

ಕಿರುಪರೀಕ್ಷೆಗಳಿರುವುದು ಇದಕ್ಕೇ. ಆದರೆ ಅಂಕಪಟ್ಟಿ ಕಂಡೊಡನೆ ‘ಪಕ್ಕದ ಮನೆಯವನಿಗೆ ಎಷ್ಟು ಬಂತು?’ ಎಂದು ಕೇಳಿದರೆ, ಮುಂದಿನ ಸಲ ಮಗು ಇಳಿದ ಮಟ್ಟವನ್ನು ಮುಚ್ಚಿಡಲು ಕಲಿಯುತ್ತದೆ. ಆ ಹುಡುಗನಿಗೆ ಅಂದು ಕೆನ್ನೆಗೆ ಒಂದು ಬಿದ್ದಿದ್ದರೆ ಮಣ್ಣಿನ ಮಾತು ಅವನ ಬಾಯಿಂದ ಬರುತ್ತಿತ್ತೇ?

ಈ ವರ್ಷ ಮೊದಲ ಉತ್ತರಪತ್ರಿಕೆ ಮನೆಗೆ ಬಂದಾಗ, ಸಹಿ ಹಾಕುವ ಮುನ್ನ ಮಗುವಿನ ಪಕ್ಕ ಹತ್ತು ನಿಮಿಷ ಕುಳಿತುಕೊಳ್ಳಿ. ತಪ್ಪಾದ ಲೆಕ್ಕಗಳ ಮೇಲೆ ಒಂದೊಂದಾಗಿ ಬೆರಳಿಟ್ಟು ನೋಡಲು ಹೇಳಿ. ಎಲ್ಲಿ ಒದ್ದೆಯಾಗಿದೆಯೆಂದು ಅದೇ ತೋರಿಸುತ್ತದೆ.